ಅಧ್ಯಕ್ಷರು ಇನ್ನೂ ಮಾತಾಡಿಲ್ಲ

ಬೋಳಗುಡ್ಡದ ಸಿದ್ದಪ್ಪನಿಗೆ ಮೊದಲು ಕೈ ಮುಗಿದು ಈ ಸಂಗತಿ ಹೇಳಬೇಕು. ಇದರಲ್ಲಿ ಅವನದೂ ಒಂದು ಪಾತ್ರವಿದೆ. ಅವನು ಬಾಯಿ ಬಿಡದೆ ಕೂತದ್ದು ಕಥೆಯ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಬಾಯಿ ಬಿಟ್ಟವನದು. ಆತನ ಹೆಸರು ಗುರುಪಾದಸ್ವಾಮಿ.

ಯಳಂದೂರಿನಿಂದ ಕೊಳ್ಳೇಗಾಲದ ಕಡೆ ಬರುವಾಗ ಎಡಕ್ಕೆ ತಿರುಗಿದರೆ ಮಲ್ಲಿಗೆಹಳ್ಳಿ ಸಿಗುತ್ತದೆ. ಹೆಸರಿಗೆ ಮಲ್ಲಿಗೆ, ಬೆಳೆಯುವುದು ಅರಿಶಿನ. ನಲವತ್ತು ಮನೆಯವರು ಸೇರಿ ಅರಿಶಿನ ಬೆಳೆಗಾರರ ಸಂಘ ಮಾಡಿಕೊಂಡಿದ್ದಾರೆ. ಸಂಘ ಹುಟ್ಟಿದ ದಿನ ಅಧ್ಯಕ್ಷರು ಯಾರಾಗಬೇಕೆಂದು ಬೆಳಿಗ್ಗೆ ಶುರುವಾದ ಜಗಳ, ಮಧ್ಯಾಹ್ನದ ಊಟಕ್ಕೆ ಬಿಡುವು ಕೊಟ್ಟು, ಸಂಜೆಯವರೆಗೂ ನಡೆಯಿತು. ಕೊನೆಗೆ ಗುರುಪಾದಸ್ವಾಮಿಯ ಹೆಂಡತಿ ಚನ್ನಮಲ್ಲಮ್ಮ ಎದ್ದು ನಿಂತು, "ನೀವ್ಯಾರೂ ಬ್ಯಾಡ. ಗುಡ್ಡದ್ ಮ್ಯಾಲೆ ಕೂತವ್ನಲ್ಲ, ಅವ್ನೇ ಆಗ್ಲಿ ಬುಡಿ. ಅವ್ನ್ ಮ್ಯಾಲೆ ಯಾರ್ಗೂ ಹೊಟ್ಟೆಕಿಚ್ಚಿಲ್ಲ" ಅಂದಳು. ಅಂದಿನಿಂದ ಸಂಘದ ಅಧ್ಯಕ್ಷ ಸಿದ್ದಪ್ಪನೇ. ಸಭೆ ನಡೆದಾಗ ದೊಡ್ಡ ಕುರ್ಚಿಯ ಮೇಲೆ ಕಟ್ಟು ಹಾಕಿಸಿದ ಅವನ ಪಟ ಇರುತ್ತದೆ. ಕಾರ್ಯದರ್ಶಿ ಗುರುಪಾದಸ್ವಾಮಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾನೆ.

ದೊಡ್ಡ ತೀರ್ಮಾನವೆಂದರೆ ಗುಡ್ಡದ ಗುಡಿಗೆ ಹೋಗಿ ಅಪ್ಪನನ್ನು ಕೇಳಬೇಕು. ಊರವರಿಗೆಲ್ಲ ಸಿದ್ದಪ್ಪದೇವರು ಬರೀ ಅಪ್ಪ. ಕೇಳುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಪೂಜಾರಿ ಪುಟ್ಟಸಿದ್ದಯ್ಯ ಎರಡು ಹೂ ನೀರಲ್ಲಿ ಅದ್ದಿ, ಅಪ್ಪನ ಬಲ ಭುಜಕ್ಕೊಂದು ಎಡ ಭುಜಕ್ಕೊಂದು ಅಂಟಿಸಿ, ವಿಷಯ ಅರಿಕೆ ಮಾಡಿಕೊಳ್ಳುತ್ತಾನೆ. ಬಲದ ಹೂ ಬಿದ್ದರೆ ಆಗಲಿ. ಎಡದ್ದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ಅಪ್ಪ ಇನ್ನೂ ಮಾತಾಡಿಲ್ಲ, ಕಾಯಬೇಕು. ಮದುವೆ, ಬೋರ್‌ವೆಲ್ಲು, ಗೋದಾಮಿನ ಬಾಗಿಲು ಯಾವ ದಿಕ್ಕಿಗೆ ಎಂಬುದು, ಎಲ್ಲವೂ ಹೀಗೇ ನಡೆದುಕೊಂಡು ಬಂದಿತ್ತು.

ಕೆಟ್ಟದ್ದು ಗುರುಪಾದಸ್ವಾಮಿ ಮೈಸೂರಿಗೆ ಹೋಗಿ ಬಂದ ಮೇಲೆ.

ರೈತರು ಹೊರದೇಶದವರ ಜೊತೆ ಹೇಗೆ ವ್ಯವಹರಿಸಬೇಕೆಂದು ಮೂರು ದಿನದ ಶಿಬಿರ. ಕೊರಳಿಗೆ ಟೈ ಬಿಗಿದ ಒಬ್ಬರು ಪಾಠ ಹೇಳಿದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. ಮಾತಿನ ಮಧ್ಯೆ ಮೌನ ಬೀಳಲು ಬಿಡಬಾರದು, ಮೌನ ಬಿದ್ದರೆ ವ್ಯಾಪಾರವೂ ಬಿತ್ತು. ಕ್ಯಾಮೆರಾದ ಮುಂದೆ ಕೂತಾಗ ಹಿಂದಿನ ಗೋಡೆ ಬಿಳಿಯಾಗಿರಬೇಕು, ದೇವರು ದಿಂಡರು ಕಾಣಬಾರದು. ಗುರುಪಾದಸ್ವಾಮಿ ಎಲ್ಲವನ್ನೂ ಬರೆದುಕೊಂಡ. ಕೊನೆಯ ದಿನ ಮೊರದಷ್ಟು ಅಗಲದ ಪ್ರಮಾಣಪತ್ರ ಕೊಟ್ಟರು. ಬರುವ ದಾರಿಯಲ್ಲಿ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದು, ಅದಕ್ಕೆ ದಪ್ಪನೆಯ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸಿ, ಮಳೆ ಬಂದರೂ ಏನಾಗದು ಎಂದು ಅಂಗಡಿಯವನಿಂದ ಮಾತು ತೆಗೆದುಕೊಂಡೇ ಮನೆಗೆ ಬಂದ.

ಅದಾದ ತಿಂಗಳಿಗೆ ಫಿನ್ಲೆಂಡ್ ಎಂಬ ದೇಶದಿಂದ ಹೆಲ್ಮಿ ಎಂಬ ಹೆಣ್ಣುಮಗಳ ಪತ್ರ ಇಮೇಲಿನಲ್ಲಿ ಬಂತು. ಆಕೆಯ ಕಂಪನಿಗೆ ಒಂದು ಕಂಟೇನರು ಅರಿಶಿನ ಬೇಕು. ಒಪ್ಪಿಗೆಯಾದರೆ ಮೂರು ವರ್ಷ ಕೊಳ್ಳುತ್ತಾರೆ. ಬೆಲೆಯ ಮಾತು ವಿಡಿಯೋದಲ್ಲಿ. ನಲವತ್ತು ಮನೆಯವರ ಅರಿಶಿನ ಗೋದಾಮಿನಲ್ಲಿ ಕಾಯುತ್ತಿತ್ತು. ಈ ವ್ಯಾಪಾರ ತಪ್ಪಿದರೆ ದಲ್ಲಾಳಿ ಹೇಳಿದ ಬೆಲೆಗೆ ಈರೋಡಿಗೆ ಸಾಗಿಸುವುದೇ ದಾರಿ.

ಮಾತಿನ ದಿನ ಗೋದಾಮಿನಲ್ಲಿ ಊರಿಗೆ ಊರೇ ಸೇರಿತು. ಇಂಗ್ಲಿಷಿಗೆ ಸಿಂಧು ಬಂದಿದ್ದಳು. ಗುರುಪಾದಸ್ವಾಮಿಯ ತಂಗಿಯ ಮಗಳು, ಕೊಳ್ಳೇಗಾಲದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಗುರುಪಾದಸ್ವಾಮಿ ಲ್ಯಾಪ್‌ಟಾಪಿನ ಮುಂದೆ ಕೂತು, ತನ್ನ ಹಿಂದೆ ಕಾಣುತ್ತಿದ್ದ ದೊಡ್ಡ ಕುರ್ಚಿಯನ್ನು ನೋಡಿದ. ಎದ್ದು, ಅಪ್ಪನ ಪಟದ ಸಮೇತ ಅದನ್ನು ಎಳೆದು ಮೂಲೆಯ ಗೋಣಿಚೀಲದ ರಾಶಿಯ ಪಕ್ಕ ನಿಲ್ಲಿಸಿದ. ಖಾಲಿಯಾದ ಜಾಗದ ಗೋಡೆಗೆ ಪ್ರಮಾಣಪತ್ರ ಒರಗಿಸಿದ.

"ಅಪ್ಪನ್ನ ಯಾಕ್ ಮೂಲೆಗ್ ಮಡಗ್ದೆ?" ಅಂದಳು ಚನ್ನಮಲ್ಲಮ್ಮ.

"ಹಿಂದ್ಗಡೆ ಕ್ಲೀನಾಗಿರ್ಬೇಕು ಅಂತ ಏಳವ್ರೆ ಕಣೆ."

"ಅಪ್ಪ ಇದ್ರೆ ಗಲೀಜಾ?"

ಈ ಪ್ರಶ್ನೆಗೆ ಶಿಬಿರದಲ್ಲಿ ಉತ್ತರ ಬರೆಸಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಹೆಲ್ಮಿ ಕಾಣಿಸಿಕೊಂಡಳು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಮುಂದೆ ಒಂದು ನೋಟ್ ಪುಸ್ತಕ. ನಮಸ್ಕಾರ ಆಯಿತು. ಬೆಲೆ ಎಷ್ಟೆಂದು ಕೇಳಿದಳು. ಅಂಕಿಗಳನ್ನು ಮಾತ್ರ ಗುರುಪಾದಸ್ವಾಮಿ ತಾನೇ ಇಂಗ್ಲಿಷಿನಲ್ಲಿ ಹೇಳುವುದೆಂದು ಮೊದಲೇ ಕಟ್ಟುಮಾಡಿದ್ದ.

"ಕೇಜಿ ಒನ್ ಸಿಕ್ಸ್‌ಟಿ ಮೇಡಂ."

ಹೆಲ್ಮಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಸುಮ್ಮನಾದಳು.

ಸುಮ್ಮನೆ ಅಂದರೆ ನಮ್ಮ ಕಡೆಯ ಸುಮ್ಮನೆಯಲ್ಲ. ನಮ್ಮಲ್ಲಿ ಒಬ್ಬರು ಸುಮ್ಮನಿದ್ದರೆ ಕೆಮ್ಮುತ್ತಾರೆ, ಟವಲು ಕೊಡವುತ್ತಾರೆ. ಈಕೆ ಗುಡಿಯ ಕಲ್ಲುಕಂಬದಂತೆ ಕೂತಿದ್ದಳು. ಹತ್ತು ಉಸಿರಿನಷ್ಟು ಹೊತ್ತು ಕಳೆಯಿತು. ಗುರುಪಾದಸ್ವಾಮಿಗೆ ಟೈ ಕಟ್ಟಿದವರ ಮುಖ ಕಣ್ಣ ಮುಂದೆ ಬಂತು. ಮೌನ ಬಿತ್ತು, ವ್ಯಾಪಾರ ಬೀಳುತ್ತದೆ!

"ಒನ್ ಫಿಫ್ಟಿ ಏಟ್ ಮೇಡಂ!"

ಹೆಲ್ಮಿ ತಲೆ ಎತ್ತಿ ನೋಡಿದಳು. ಮತ್ತೆ ಸುಮ್ಮನೆ.

"ಒನ್ ಫಿಫ್ಟಿ ಫೈವ್!"

"ಮಾವ, ಅವರು ಇನ್ನೂ ಏನೂ ಹೇಳಿಲ್ಲ" ಎಂದು ಸಿಂಧು ಪಿಸುಗುಟ್ಟಿದಳು.

"ಅದ್ಕೇ ಕಣವ್ವ ಭಯ! ಒನ್ ಫಿಫ್ಟಿ ಟೂ ಮೇಡಂ!"

ಹಿಂದಿನ ಸಾಲಿನಲ್ಲಿ ಸದಾಶಿವಪ್ಪ ಎದ್ದು ನಿಂತ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಅರಿಶಿನ ಬೆಳೆಯುವವನು, ಎಲ್ಲರಿಗಿಂತ ದೊಡ್ಡ ಗಂಟಲು ಉಳ್ಳವನು. "ಲೇ, ಆವಮ್ಮ ತುಟಿ ಬಿಚ್ಚಿಲ್ಲ, ನೀ ಎಂಟ್ ರೂಪಾಯಿ ಇಳ್ಸ್‌ಬುಟ್ಟೆ! ಯಾರಾರ ಅವ್ನ್ ಬಾಯ್ಗೆ ಟವಲ್ ತುರುಕ್ರಲಾ!"

ಟವಲು ಬರುವಷ್ಟರಲ್ಲಿ ಬೆಲೆ ನೂರಾ ನಲವತ್ತೆಂಟಕ್ಕೆ ಬಂದಿತ್ತು. ಗುರುಪಾದಸ್ವಾಮಿ ಬೆವರುತ್ತಿದ್ದ. ಇಳಿಜಾರಿನಲ್ಲಿ ಬ್ರೇಕು ಸಿಗದ ಗಾಡಿಯವನಂತೆ ಅತ್ತಿತ್ತ ನೋಡಿದಾಗ ಮೂಲೆಯ ಕುರ್ಚಿ ಕಂಡಿತು. "ಇದ್ಕಿಂತ ಕಮ್ಮಿಗೆ ನಮ್ ಚೇರ್ಮನ್ರು ಒಪ್ಪಲ್ಲ ಅಂತ ಏಳವ್ವ. ಇದ್ಕೂ ಅವ್ರುನ್ನ ಕೇಳ್ಬೇಕು ಅಂತ ಏಳು!"

ಸಿಂಧು ಹೇಳಿದಳು. ಹೆಲ್ಮಿ ಮೊದಲ ಬಾರಿಗೆ ಬಾಯಿ ಬಿಟ್ಟಳು. ಅಧ್ಯಕ್ಷರು ಇವತ್ತು ಬಂದಿಲ್ಲವೆ?

ಇಲ್ಲಿ ಗುರುಪಾದಸ್ವಾಮಿ ಕುರ್ಚಿಯನ್ನು ಎಳೆದು ತಂದು ನಿಲ್ಲಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮೂರು ಮಾರು ದೂರದಲ್ಲಿದ್ದ ಅಪ್ಪನ ಹೆಸರು ಹೇಳಲು ಆತನಿಗೆ ನಾಚಿಕೆಯಾಯಿತು. "ಗುಡ್ಡದ ಮೇಲೆ ಇರ್ತಾರೆ. ಫೋನು ಬಳಸೋದಿಲ್ಲ" ಅಂದ. ಇದು ಸುಳ್ಳಲ್ಲ. ನಿಜ ಹೇಳಿದ್ದೂ ಅಲ್ಲ.

ಮರುದಿನದಿಂದ ಗುಡ್ಡದಲ್ಲಿ ಹೂ ಇಡುವುದು ಶುರುವಾಯಿತು. ಮೊದಲ ದಿನ ಬೀಳಲಿಲ್ಲ. ಎರಡನೆಯ ದಿನ ಬೀಳಲಿಲ್ಲ. ಹೆಲ್ಮಿಯಿಂದ ಪತ್ರ: ಅಧ್ಯಕ್ಷರು ಏನೆಂದರು? ಗುರುಪಾದಸ್ವಾಮಿ ಹೇಳಿದ್ದನ್ನು ಸಿಂಧು ಇಂಗ್ಲಿಷಿಗೆ ಇಳಿಸಿ ಕಳಿಸಿದಳು: "ಅಧ್ಯಕ್ಷರು ಇನ್ನೂ ಮಾತಾಡಿಲ್ಲ."

ಸೋಮವಾರಕ್ಕೆ ಇನ್ನೊಂದು ಪತ್ರ ಹೋಯಿತು: "ಅಧ್ಯಕ್ಷರಿಗೆ ಇಂದು ಎಣ್ಣೆ ಮಜ್ಜನ ಮಾಡಿಸಿದ್ದೇವೆ. ನಾಳೆ ಮಾತಾಡುವ ನಿರೀಕ್ಷೆಯಿದೆ."

ಹೆಲ್ಮಿ ಕೇಳಿದಳು: ಅಧ್ಯಕ್ಷರಿಗೆ ಸ್ನಾನಕ್ಕೂ ನೆರವು ಬೇಕೆ?

"ಹೌದು. ಪುಟ್ಟಸಿದ್ದಯ್ಯ ಎಂಬುವರು ಹಗಲೆಲ್ಲ ಜೊತೆಗಿರುತ್ತಾರೆ. ಆಹಾರ ಹಾಲು, ತುಪ್ಪ, ಬಾಳೆಹಣ್ಣು ಮಾತ್ರ."

"ಮಾವ, ಇದು ಸರಿ ಕಾಣಲ್ಲ" ಅಂದಳು ಸಿಂಧು.

"ಇದ್ರಲ್ಲಿ ಯಾವ್ದು ಸುಳ್ಳು ತೋರ್ಸು ನೋಡಾನ?"

ಸಿಂಧು ಕಳಿಸುವ ಗುಂಡಿ ಒತ್ತಿದಳು. ಅಧ್ಯಕ್ಷರನ್ನು ಊರೊಳಕ್ಕೆ ಕರೆತರಬೇಕಾದರೆ ನಾಲ್ಕು ಜನ ಹೊರಬೇಕೆಂಬ ಪತ್ರ ಹೋದ ಮೇಲೆ ಫಿನ್ಲೆಂಡಿನಿಂದ ಎರಡು ದಿನ ಸುದ್ದಿಯೇ ಇಲ್ಲ. ಆಮೇಲೆ ಒಂದೇ ಸಾಲು ಬಂತು. ಅವರಿಗೆ ತೊಂದರೆ ಕೊಡಬೇಡಿ, ನಾನು ಕಾಯುತ್ತೇನೆ.

ಆಕೆ ಕಾಯುತ್ತೇನೆಂದಳು. ಗುರುಪಾದಸ್ವಾಮಿಗೆ ಕಾಯಲಾಗಲಿಲ್ಲ. ಅಪ್ಪನ ಗುಡಿಗೆ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಮಧ್ಯಾಹ್ನದ ಮೇಲೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಬೀಸುವ ಗಾಳಿ ಒಳಗೆ ನುಗ್ಗದಿರಲೆಂದು ಅದಕ್ಕೊಂದು ಹಲಗೆ ಅಡ್ಡ ಇಟ್ಟಿರುತ್ತಿದ್ದರು. ಒಂದು ದಿನ ಪುಟ್ಟಸಿದ್ದಯ್ಯ ನೀರು ತರಲು ಗುಡ್ಡ ಇಳಿದಾಗ ಗುರುಪಾದಸ್ವಾಮಿ ಆ ಹಲಗೆಯನ್ನು ಕಿತ್ತು ಪಂಚೆಯೊಳಗೆ ಸೇರಿಸಿಕೊಂಡ. ಅಪ್ಪನಿಗೆ ಮೋಸ ಮಾಡುವುದು ಅವನ ಉದ್ದೇಶವಲ್ಲ. ಅಪ್ಪನಿಗೆ ವಯಸ್ಸಾಗಿದೆ, ಒಂದು ಕೈ ಹಚ್ಚೋಣ ಎಂದಷ್ಟೇ ತನಗೆ ತಾನೇ ಹೇಳಿಕೊಂಡ.

ಪೂಜಾರಿ ಬಂದು ಹೂ ಇಡುತ್ತಿದ್ದಂತೆ ಗಾಳಿ ಬಂತು. ಬಲದ ಹೂವೂ ಎಡದ ಹೂವೂ ಒಟ್ಟಿಗೆ ಎದ್ದು ಹಾರಿ, ಒಂದು ದೀಪದ ಮೇಲೆ ಬಿತ್ತು, ಇನ್ನೊಂದು ಗುರುಪಾದಸ್ವಾಮಿಯ ಬೋಳುತಲೆಗೆ ಅಂಟಿಕೊಂಡಿತು.

ಪುಟ್ಟಸಿದ್ದಯ್ಯ ಬಹಳ ಹೊತ್ತು ಆ ತಲೆಯನ್ನೇ ನೋಡಿದ. "ನಲ್ವತ್ ವರ್ಸದಿಂದ ಪೂಜೆ ಮಾಡ್ತಾ ಇವ್ನಿ, ಅಪ್ಪ ಇಂಗ್ ಮಾತಾಡಿದ್ದ ಕಾಣೆ. ಲೇ, ಕಿಟ್ಕಿ ಹಲ್ಗೆ ಎಲ್ಲೋಯ್ತು?"

"ಕೋತಿ ಕಿತ್ಕಂಡ್ ಓಗಿರ್ಬೋದು" ಅಂದ ಗುರುಪಾದಸ್ವಾಮಿ.

"ಕೋತಿಗ್ ಹಲ್ಗೆ ಯಾಕ್ಲಾ?"

"ಈ ಕಾಲ್ದ್ ಕೋತಿಗಳು, ಏನ್ ಏಳಕಾಯ್ತದೆ."

ಹಲಗೆಯನ್ನು ಮನೆಯ ಹಿತ್ತಲಲ್ಲಿ ಬಚ್ಚಿಟ್ಟ. ನಾಳೆ ಯಾರೂ ಇಲ್ಲದಾಗ ಮರಳಿಸಿದರಾಯಿತು ಅಂದುಕೊಂಡ. ಮರುದಿನ ಬೆಳಿಗ್ಗೆಯೇ ಸಿಂಧು ಓಡಿ ಬಂದಳು. ಹೆಲ್ಮಿಯ ಪತ್ರ ಬಂದಿದೆ, ಈಗ ಆಕೆ ಈರೋಡಿಗೇ ಬಂದಿದ್ದಾಳೆ. ಅಲ್ಲಿನ ಅರಿಶಿನವನ್ನೂ ನೋಡಿದ್ದಾಳೆ. ಇವತ್ತು ಕಾರಿನಲ್ಲಿ ಬಂದು, ಹಾಸಿಗೆ ಹಿಡಿದ ಅಧ್ಯಕ್ಷರನ್ನು ಕಂಡು, ಕ್ಷೇಮ ವಿಚಾರಿಸಿಕೊಂಡು ಹೋಗುತ್ತಾಳಂತೆ. ಸಂಜೆ ಐದಕ್ಕೆ ಬೆಂಗಳೂರಿಗೆ ಹೊರಡಬೇಕು. ಅಷ್ಟರೊಳಗೆ ತೀರ್ಮಾನ ಆಗದಿದ್ದರೆ ಕಂಟೇನರು ಈರೋಡಿನ ಅರಿಶಿನದಿಂದ ತುಂಬುತ್ತದೆ.

"ನಿಜ ಏಳ್‌ಬುಡು" ಅಂದಳು ಚನ್ನಮಲ್ಲಮ್ಮ.

"ಇಷ್ಟ್ ದೂರ ಬಂದ್ಮೇಲೆ ನಿಜ ಏಳುದ್ರೆ ಊರ್ ಮರ್ವಾದೆ ಏನಾಗ್ಬೇಕು?"

ಊರ ಮರ್ಯಾದೆ ಉಳಿಸಲು ಆತ ಪುಟ್ಟಮಲ್ಲಪ್ಪನ ಮನೆಗೆ ಓಡಿದ. ಎಂಬತ್ತೆರಡು ವರ್ಷದ ಪುಟ್ಟಮಲ್ಲಪ್ಪನಿಗೆ ಬೆಳ್ಳಗಿನ ಹುರಿಮೀಸೆ, ಅಗಲವಾದ ಹಣೆ. ನೋಡಿದರೆ ಯಾರಾದರೂ ಅಧ್ಯಕ್ಷನೆನ್ನಬೇಕು. ಒಂದೇ ತೊಂದರೆಯೆಂದರೆ, ಆಯುಷ್ಯವಿಡೀ ದನದ ಜಾತ್ರೆಗಳಲ್ಲಿ ಕಳೆದ ಆತ ನಿದ್ದೆಯಲ್ಲಿ ಬಿಟ್ಟು ಬೇರೆ ಯಾವಾಗಲೂ ಬಾಯಿ ಮುಚ್ಚಿದವನಲ್ಲ.

"ನೀ ಕಂಬ್ಳಿ ಹೊದ್ಕಂಡು ಮಲಿಕ್ಕಂಡಿರು ದೊಡ್ಡಪ್ಪ. ಮಾತಾಡ್ಬೇಡ. ಆವಮ್ಮ ಏನ್ ಕೇಳುದ್ರೂ ತಲೆ ಆಡ್ಸು."

"ಎತ್ಲಾಗ್ ಆಡ್ಸ್ಲಿ?"

"ಎತ್ಲಾಗಾರ ಆಡ್ಸು!"

ಮಧ್ಯಾಹ್ನ ಒಂದೂವರೆಗೆ ಹನೂರಿನಿಂದ ಚನ್ನಮಲ್ಲಮ್ಮನ ತವರಿನವರು ಫೋನು ಮಾಡಿದರು. ಬಿಳಿ ಹೆಂಗಸೊಬ್ಬಳು ಎಳನೀರು ಕುಡಿದಳು, ಚಿಲ್ಲರೆ ವಾಪಸ್ಸು ತೆಗೆದುಕೊಂಡಳು, ಕೈಯಲ್ಲಿ ಭಾರೀ ಹೂಗೊಂಚಲಿದೆ, ಕಾರು ನಿಮ್ಮ ಕಡೆಗೇ ಬಂತು. ಒಂದು ಗಂಟೆಯಲ್ಲಿ ಕಾರು ಬಂದು ನಿಂತಿತು. ಗುರುಪಾದಸ್ವಾಮಿ ಇಸ್ತ್ರಿ ಅಂಗಿ ತೊಟ್ಟು, ಪ್ರಮಾಣಪತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮಿಟುಕಿಸದೆ ಆಕೆಯ ಕಣ್ಣನ್ನೇ ನೋಡುತ್ತ ಕೈ ಕುಲುಕಿದ. ಇವರ ಕಣ್ಣಿಗೇನಾದರೂ ಬಿದ್ದಿದೆಯೆ ಎಂದು ಆಕೆ ಸಿಂಧುವನ್ನು ಕೇಳಿದಳು.

ಪುಟ್ಟಮಲ್ಲಪ್ಪನ ನಡುಮನೆಯಲ್ಲಿ ಮಂಚ. ವೈಶಾಖದ ಬಿಸಿಲಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಅಧ್ಯಕ್ಷರ ಮುಖ ಬೆವರಿನಿಂದ ತೊಯ್ದಿತ್ತು. ಹೆಲ್ಮಿಗೆ ಅದು ಜ್ವರದಂತೆ ಕಂಡಿರಬೇಕು. ಪ್ಲಾಸ್ಟಿಕ್ಕು ಸುತ್ತಿದ ಕೆಂಪು ಹೂಗಳ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು, ಮಂಚದ ಪಕ್ಕ ಕೂತು, ಸುಮ್ಮನಾದಳು. ರೋಗಿಯ ಬಳಿ ಮಾತು ಬೇಡವೆಂಬುದು ಆಕೆಯ ಕಡೆಯ ಮರ್ಯಾದೆ.

ಪುಟ್ಟಮಲ್ಲಪ್ಪ ಒಂದು ನಿಮಿಷ ತಡೆದ. ಎರಡು ನಿಮಿಷ ತಡೆದ. ಬಾಗಿಲಲ್ಲಿ ನಿಂತ ನಾವೆಲ್ಲ ಆತನ ಮೀಸೆ ನಡುಗುವುದನ್ನು ನೋಡುತ್ತಿದ್ದೆವು. ಮೂರನೆಯ ನಿಮಿಷಕ್ಕೆ ಕಟ್ಟೆ ಒಡೆಯಿತು.

"ಉಂಡ್ಯೇನವ್ವ? ಎಷ್ಟ್ ದೂರದಿಂದ ಬಂದಿದ್ದೀಯೆ, ಈ ಮನೇಲಿ ಒಂದ್ ಲೋಟ ನೀರ್ ಕೊಟ್ಟೋರಿಲ್ಲ. ಇವ ಗುರುಪಾದ, ನನ್ನ ಬೆಳಿಗ್ಗೆಯಿಂದ ಕಂಬ್ಳಿ ಒಳ್ಗೆ ಬೇಯ್ಸ್ತಾವ್ನೆ!"

ಸಿಂಧು ಇದನ್ನು ಅನುವಾದಿಸಲಿಲ್ಲ. ಹೆಲ್ಮಿ ಮೆಲ್ಲಗೆ ಕೇಳಿದಳು. ತಾವು ಬೆಲೆಯ ವಿಷಯ ತೀರ್ಮಾನಿಸಿದಿರಾ?

"ನನ್ಯಾಕವ್ವ ಕೇಳೀಯೆ? ನಾ ಬೆಳೆಯೋದು ಹುಳ್ಳಿಕಾಳು. ಸಂಘಕ್ಕೆ ಮೆಂಬ್ರೂ ಅಲ್ಲ. ಅದ ಅಪ್ಪ ಏಳ್ಬೇಕು."

ಸಿಂಧು ಗುರುಪಾದಸ್ವಾಮಿಯ ಕಡೆ ತಿರುಗಿದಳು. "ಮಾವ, ಏನಂತ ಹೇಳ್ಲಿ?"

"ಏನಾರ ಏಳವ್ವ!"

"ಏನಾದರೂ ಹೇಳೋದು ನನಗೆ ಬರಲ್ಲ. ಇವರು ಹೇಳಿದ್ದನ್ನ ಹೇಳೋದು ಮಾತ್ರ ಬರತ್ತೆ." ಹೀಗೆಂದು ಆಕೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ತಾನು ಸದಸ್ಯನೂ ಅಲ್ಲವಂತೆ. ತೀರ್ಮಾನ ಮಾಡುವವನು ಅಪ್ಪನಂತೆ.

ಹೆಲ್ಮಿ ಮಂಚದ ಮೇಲಿನ ಎಂಬತ್ತೆರಡು ವರ್ಷವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇವರ ತಂದೆ ಇನ್ನೂ ಇದ್ದಾರೆಯೆ?

ಪುಟ್ಟಮಲ್ಲಪ್ಪ ಕಂಬಳಿ ಕಿತ್ತೊಗೆದು ಎದ್ದು ಕೂತ. "ಇಲ್ದೆ ಏನು! ನಂಗಿಂತ ಗಟ್ಟಿಯಾಗವ್ನೆ! ಬಾ, ತೋರುಸ್ತೀನಿ!"

ಆಗ ಜನರನ್ನು ಸರಿಸಿಕೊಂಡು ಚನ್ನಮಲ್ಲಮ್ಮ ಒಳಗೆ ಬಂದಳು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡಿದ್ದಳು. ಅದನ್ನು ತೆಗೆದು ಹೆಲ್ಮಿಯ ಕೈಗೆ ಕೊಟ್ಟಳು. ಗೋದಾಮಿನ ಮೂಲೆಯಲ್ಲಿ ಹದಿನೈದು ದಿನದಿಂದ ಇದ್ದ ಪಟ. ಗಾಜಿನ ಮೇಲೆ ಅರಿಶಿನದ ಧೂಳು ಕೂತಿತ್ತು.

"ಇವ್ನೇ ಕಣವ್ವ ನಮ್ ಅಧ್ಯಕ್ಷ. ಕಾಯ್ಲೆ ಕಸಾಲೆ ಏನೂ ಇಲ್ಲ. ನೀ ನೋಡ್ಬಾರ್ದು ಅಂತ ನನ್ ಗಂಡ ಇವ್ನ ಮೂಲೆಗ್ ಮಡಗ್ದ. ನಾವೂ ನೋಡ್ಕಂಡ್ ಸುಮ್ಕಿದ್ವಿ."

ಸಿಂಧು ಅನುವಾದಿಸಿದಳು. ಹೂ ಇಡುವುದನ್ನೂ, ಕಾಯುವುದನ್ನೂ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಆಕೆಯ ದನಿಯೂ ಇಳಿಯಿತು. ಪತ್ರಗಳನ್ನು ಬರೆದ ಬೆರಳು ಆಕೆಯವೇ. ನಾವು ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಪಡಸಾಲೆಯ ಕಂಬದ ಹಿಂದಕ್ಕೆ ಸರಿದೆವು. ಅಷ್ಟು ಜನರೂ ಅಡಗಿಕೊಳ್ಳುವಷ್ಟು ಆ ಕಂಬ ದಪ್ಪವಿರಲಿಲ್ಲ.

ಹೆಲ್ಮಿ ತನ್ನ ಕರ್ಚೀಫಿನಿಂದ ಗಾಜಿನ ಧೂಳು ಒರೆಸಿದಳು. ನಗಲಿಲ್ಲ. ಸುಮ್ಮನೆ ಕೂತಳು. ಈ ಸಲ ಆ ಮೌನವನ್ನು ತುಂಬಿಸಲು ಗುರುಪಾದಸ್ವಾಮಿಗೂ ನಾಲಿಗೆ ಏಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಆಕೆ ಚೀಲದಿಂದ ನೋಟ್ ಪುಸ್ತಕ ತೆಗೆದು ಒಂದು ಹಾಳೆ ತೋರಿಸಿದಳು. ಅದರಲ್ಲಿ ನೂರಾ ಅರವತ್ತು ಎಂದು ಬರೆದು, ಸುತ್ತ ಗುಂಡಗೆ ಗೀಟು ಎಳೆದಿತ್ತು.

"ಮೊದಲ ದಿನ ನೀವು ಹೇಳಿದ ಬೆಲೆ ನನಗೆ ಒಪ್ಪಿಗೆಯಾಗಿತ್ತು" ಎಂದಳು, ಸಿಂಧುವಿನ ಬಾಯಿಂದ. "ನಮ್ಮ ಕಡೆ ಕೇಳಿದ ಕೂಡಲೇ ಉತ್ತರ ಕೊಡುವುದಿಲ್ಲ. ಕೊಟ್ಟರೆ ಎದುರಿನವರ ಮಾತನ್ನು ತೂಗಿ ನೋಡಲಿಲ್ಲ ಎಂದಾಗುತ್ತದೆ. ನಾನು ತೂಗುತ್ತಿದ್ದೆ. ಅಷ್ಟರಲ್ಲಿ ಇವರು ಇಳಿಸಿದರು. ಮತ್ತೆ ಇಳಿಸಿದರು. ಆಗ ನಾನು ನಿಲ್ಲಿಸಿ ಎನ್ನಬೇಕಿತ್ತು. ಲಾಭ ನನ್ನದೆಂದು ಗೊತ್ತಾಗಿ, ಗೊತ್ತಾಗಿಯೇ ಸುಮ್ಮನಿದ್ದೆ."

ಆಕೆಯೂ ತಲೆ ತಗ್ಗಿಸಿದಳು. ಸದಾಶಿವಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. "ಕೇಜಿಗೆ ಹನ್ನೆಲ್ಡ್ ರೂಪಾಯಿ! ನಲ್ವತ್ ಮನೆ ಬೆಳೆಗೆ! ಇವ್ನ್ ಒಂದ್ ಗಳ್ಗೆ ಬಾಯ್ ಮುಚ್ಚಿದ್ರೆ ಸಾಕಿತ್ತಲ್ಲೋ ನನ್ನಪ್ಪ!"

ಹೆಲ್ಮಿ ಗಡಿಯಾರ ನೋಡಿಕೊಂಡಳು. ಮೂರೂ ಕಾಲು. "ಮೊದಲಿನ ಬೆಲೆಯೋ ಕೊನೆಯದೋ, ಯಾವುದು ನ್ಯಾಯವೆಂದು ಇನ್ನು ನಾನೂ ಹೇಳಬಾರದು, ಇವರೂ ಹೇಳಬಾರದು. ನಿಮ್ಮ ಅಧ್ಯಕ್ಷರ ಪರಿಚಯ ನನಗಿಲ್ಲ. ಅವರ ಉತ್ತರಕ್ಕೆ ಹದಿನೈದು ದಿನ ಕಾದಿದ್ದೇನೆ. ಐದು ಗಂಟೆಯವರೆಗೆ ಇನ್ನೂ ಕಾಯಬಲ್ಲೆ."

ಊರೆಲ್ಲ ಗುಡ್ಡ ಹತ್ತಿತು. ಪುಟ್ಟಸಿದ್ದಯ್ಯ ಹೆಲ್ಮಿ ತಂದ ಹೂಗೊಂಚಲನ್ನು ತಿರುಗಿಸಿ ನೋಡಿ, "ಈ ಹೂವ್ನ್ ಹೆಸ್ರೇನೋ ನಂಗ್ ಗೊತ್ತಿಲ್ಲ. ಅಪ್ಪಂಗ್ ಗೊತ್ತಿರ್ತದೆ" ಎಂದು ಎರಡು ಹೂ ಕಿತ್ತು, ತೊಟ್ಟು ಚಿವುಟಿ, ನೀರಲ್ಲಿ ಅದ್ದಿದ. ಅಪ್ಪನಿಗೆ ಬಂದ ಹೂ ಕೊನೆಗೂ ಅಪ್ಪನಿಗೇ ಸೇರಿತು. ಬಲದ್ದು ಬಿದ್ದರೆ ನೂರಾ ಅರವತ್ತು, ಎಡದ್ದಾದರೆ ನೂರಾ ನಲವತ್ತೆಂಟು ಎಂದು ಗೊತ್ತುಮಾಡಿದರು. ಅಷ್ಟರಲ್ಲಿ ಬೆಟ್ಟದ ಗಾಳಿ ಕಿಟಕಿಯಿಂದ ನುಗ್ಗಿ ದೀಪ ಆರಿತು.

"ಇದಾಗ್ದು" ಅಂದ ಪುಟ್ಟಸಿದ್ದಯ್ಯ. "ಗಾಳಿ ಬೀಳ್ಸುದ್ರೆ ಅದು ಗಾಳಿ ಮಾತು, ಅಪ್ಪನ್ ಮಾತಲ್ಲ. ಆ ಕೋತಿ ಹಲ್ಗೆ ಎಲ್ಲಿ ಬಿಸಾಕದೋ, ಉಡುಕ್ರಲಾ."

ಜನರ ಹಿಂದಿನಿಂದ ಸಣ್ಣ ದನಿಯೊಂದು ಬಂತು.

"ಕೋತಿ ನಾನೇ."

ಎಲ್ಲರೂ ತಿ‌ರುಗಿದರು. ಗುರುಪಾದಸ್ವಾಮಿ ನೆಲ ನೋಡುತ್ತಿದ್ದ. "ಹಲ್ಗೆ ನಮ್ ಹಿತ್ಲಲ್ಲದೆ. ಓಡೋಗಿ ತರ್ತೀನಿ."

"ಯಾವ್ದು? ಹಿತ್ಲಲ್ಲಿ ಬಾಳೆಗರಿ ಅಡೀಲಿತ್ತಲ್ಲ, ಅದಾ?" ಚನ್ನಮಲ್ಲಮ್ಮ ಎದೆಗೆ ಕೈ ಒತ್ತಿಕೊಂಡಳು. "ಅಯ್ಯೋ, ಬೆಳಿಗ್ಗೆ ನಿನ್ ಮೀಯೋ ನೀರ್ಗೆ ಉರಿ ಹಾಕ್‌ಬುಟ್ನಲ್ಲ!"

ಅಪ್ಪನ ಗುಡಿಗೆ ಗಾಳಿ ತಡೆಯುತ್ತಿದ್ದ ಹಲಗೆಯಿಂದ ಕಾದ ನೀರು ಮಿಂದು, ಇಸ್ತ್ರಿ ಅಂಗಿ ತೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೈ ಕುಲುಕಿದವನು ಆತ! ಸದಾಶಿವಪ್ಪ ಎರಡೂ ಕೈಯಿಂದ ತಲೆ ಚಚ್ಚಿಕೊಂಡ. ಪುಟ್ಟಸಿದ್ದಯ್ಯ ಮಾತ್ರ ಗುರುಪಾದಸ್ವಾಮಿಯ ಕಂಕುಳನ್ನು ನೋಡುತ್ತಿದ್ದ.

"ಅದೇನದು?"

"ಸರ್ಟಿಫಿಕೇಟು."

"ಮಳೆ ಗಾಳಿ ತಡೀತದಾ?"

"ಅಂಗಂತ ಅಂಗ್ಡಿಯೋನು ಏಳವ್ನೆ."

"ತಕಂಡು ಆಚ್ಗಡೆ ಓಗು."

ಗುರುಪಾದಸ್ವಾಮಿ ಗುಡಿಯ ಹೊರಗೆ ಸುತ್ತಿ ಬಂದು, ಎರಡೂ ಕೈಯಿಂದ ಪ್ರಮಾಣಪತ್ರವನ್ನು ಕಿಟಕಿಗೆ ಒತ್ತಿ ಹಿಡಿದು ನಿಂತ. ಅಗಲ ಸರಿಹೋಯಿತು. ಬೆನ್ನಿಗೆ ಗಾಳಿ, ಮುಖಕ್ಕೆ ತನ್ನದೇ ಹೆಸರು. ಒಳಗೆ ಗಂಟೆ ಬಾರಿಸಿದ್ದು, ಪುಟ್ಟಸಿದ್ದಯ್ಯ ಅರಿಕೆ ಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಊರಿಗೆ ಊರೇ ಉಸಿರು ಹಿಡಿದು ಕೂತಿತ್ತು. ಪುಟ್ಟಮಲ್ಲಪ್ಪ ಕೂಡ ಬಾಯಿಗೆ ಟವಲು ಒತ್ತಿಕೊಂಡಿದ್ದ. ಹೆಲ್ಮಿ ಚಕ್ಕಳಮಕ್ಕಳ ಹಾಕಿ ಕೂತದ್ದು ಅಲ್ಲಾಡಲಿಲ್ಲ. ಕಾಯುವುದರಲ್ಲಿ ಆಕೆ ನಮ್ಮ ಅಪ್ಪನಿಗೆ ಸರಿಸಮ ಎಂದು ಹೆಂಗಸರು ಆಮೇಲೆ ಮಾತಾಡಿಕೊಂಡರು.

ಗಂಟೆ ನಾಲ್ಕಾಯಿತು. ನಾಲ್ಕೂವರೆ ಕಳೆಯಿತು. ಕೈ ಸೋತರೂ ಗುರುಪಾದಸ್ವಾಮಿ ಒತ್ತಿ ಹಿಡಿದೇ ಇದ್ದ. ಒಮ್ಮೆಯಾದರೂ ಕೆಮ್ಮಲಿಲ್ಲ.

ಇದ್ದಕ್ಕಿದ್ದಂತೆ ಒಳಗೆ ಗಂಟೆಯ ಸದ್ದು. ಚನ್ನಮಲ್ಲಮ್ಮ ಹೋ ಎಂದು ಅತ್ತಳು. ಆಕೆ ಸಂತೋಷಕ್ಕೂ ಅಳುತ್ತಾಳೆ, ದುಃಖಕ್ಕೂ ಅಳುತ್ತಾಳೆ. ಮೂವತ್ತು ವರ್ಷ ಸಂಸಾರ ಮಾಡಿದವನಿಗೂ ವ್ಯತ್ಯಾಸ ತಿಳಿಯದು.

"ಯಾವ್ ಕಡೆ ಬಿತ್ತು?" ಅಂದ ಗೋಡೆಗೆ.

ಕಿವಿಯನ್ನು ಪ್ರಮಾಣಪತ್ರಕ್ಕೆ ಒತ್ತಿದ.

"ಲೇ, ಯಾವ್ ಕಡೇದ್ರಲಾ?"

"ಅಧ್ಯಕ್ಷರು ಮಾತಾಡವ್ರೆ" ಎಂದು ಒಳಗಿಂದ ಸದಾಶಿವಪ್ಪನ ಗಂಟಲು ಕೇಳಿಸಿತು. "ನೀ ಸುಮ್ಕಿರು."

ಗುರುಪಾದಸ್ವಾಮಿ ಸುಮ್ಮನಿದ್ದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಹೆಜ್ಜೆಯ ಸದ್ದು. "ಮಾವ, ಇನ್ನು ಕೈ ತೆಗೀರಿ" ಅಂದಳು ಸಿಂಧು. "ಬಲಗಡೆಯದು." ಜೊತೆಗೆ ಹೆಲ್ಮಿ ಬಂದಿದ್ದಳು. ಬಿದ್ದ ಹೂವನ್ನು ಎರಡೂ ಕೈಯಲ್ಲಿ ಹಿಡಿದು ಆತನ ಮುಂದೆ ಚಾಚಿದಳು.

ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ಸಮಯ ಯಾವುದಾದರೂ ಇದ್ದರೆ ಅದೇ. ಆತನಿಗೆ ತಲೆ ಎತ್ತಲಾಗಲಿಲ್ಲ. ಕಂಡದ್ದು ಆಕೆಯ ಪಾದ. ಯಾರೂ ಹೇಳದೆಯೇ ಗುಡ್ಡದ ಬುಡದಲ್ಲಿ ಬೂಟು ಬಿಟ್ಟು, ಬರಿಗಾಲಲ್ಲಿ ಹತ್ತಿ ಬಂದಿದ್ದಳು. ಬೆಳ್ಳಗಿನ ಬೆರಳುಗಳಿಗೆ ಗುಡ್ಡದ ಕೆಂಪು ಧೂಳು ಮೆತ್ತಿತ್ತು. ಅಪ್ಪನ ಹೆಸರೂ ತಿಳಿಯದ ಆ ಕಾಲುಗಳನ್ನು ನೋಡುತ್ತ ಗುರುಪಾದಸ್ವಾಮಿ ಮಗುವಿನಂತೆ ಅತ್ತುಬಿಟ್ಟ.

ಮೂರು ವರ್ಷದ ಕರಾರಿಗೆ ಗುಡಿಯ ಜಗಲಿಯ ಮೇಲೆಯೇ ಸಹಿಯಾಯಿತು. ಪ್ರಮಾಣಪತ್ರ ಈಗಲೂ ಆ ಕಿಟಕಿಯಲ್ಲಿದೆ. ಪುಟ್ಟಸಿದ್ದಯ್ಯ ನಾಲ್ಕು ಮೊಳೆ ಹೊಡೆದು ಕೂರಿಸಿದ್ದಾನೆ. ಬರಹದ ಮಗ್ಗುಲು ಒಳಗಡೆಗೆ. ಬಿಡುವಾದಾಗ ಅಪ್ಪ ಓದಿಕೊಳ್ಳಲಿ ಎಂದು.

ವರ್ಷಕ್ಕೊಮ್ಮೆ ಹೆಲ್ಮಿ ವಿಡಿಯೋದಲ್ಲಿ ಬರುತ್ತಾಳೆ. ದೊಡ್ಡ ಕುರ್ಚಿ ಈಗ ಕ್ಯಾಮೆರಾದ ನಟ್ಟನಡುವೆ ಇರುತ್ತದೆ. ಆಕೆ ಮೊದಲು ಅಧ್ಯಕ್ಷರಿಗೆ ಕೈ ಮುಗಿದು, ಆಮೇಲೆ, ಕಾರ್ಯದರ್ಶಿಯವರು ಕಾಣುತ್ತಿಲ್ಲವಲ್ಲ ಎನ್ನುತ್ತಾಳೆ. ಇಲ್ಲೇ ಇದ್ದಾರೆ ಎನ್ನುತ್ತಾಳೆ ಸಿಂಧು. ಮೂಲೆಯ ಗೋಣಿಚೀಲಗಳ ಪಕ್ಕ, ಗುರುಪಾದಸ್ವಾಮಿಯ ಒಂದು ಮೊಣಕೈ ಮಾತ್ರ ಪರದೆಯ ಅಂಚಿನಲ್ಲಿ ಕಾಣುತ್ತದೆ. ಆಗ ಎರಡೂ ದೇಶದವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಬೆಲೆ ಇಳಿಯುವುದಿಲ್ಲ.